ನ್ಯಾನೊ ಕಣಕ್ಕೂ ಮೊದಲು ಕಲ್ಲಿನ ಧೂಳು ನೋಡಿ

ಪ್ರಶ್ನೆ: ಮನೆ ಪಕ್ಕದ ಶೆಡ್ಡಿನಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಮರಗೆಲಸ, ಗ್ರಾನೈಟ್ ಮತ್ತು ಟೈಲ್ಸ್ ಕಟಿಂಗ್, ಆಗೀಗ ಜಿಐ ಪೈಪಿನ ವೆಲ್ಡಿಂಗ್ ನಡೆಯುತ್ತದೆ. ಇತ್ತೀಚೆಗೆ ತ್ರೀಡಿ ಪ್ರಿಂಟರ್ ತಂದೆ. ಅದರಿಂದ ನ್ಯಾನೊ ಕಣಗಳು ಬರುತ್ತವೆ ಎಂದು ಓದಿ ಪಿಎಂ 2.5 ಮೀಟರ್ ತಂದಿಟ್ಟರೆ, ಪ್ರಿಂಟರ್ ಗಂಟೆಗಟ್ಟಲೆ ಓಡಿದರೂ ಅಂಕಿ ಏರುವುದಿಲ್ಲ. ‘ಅಷ್ಟು ಸಣ್ಣ ಕಣ ಉಸಿರಿನ ಜೊತೆ ಹೋಗಿ ಹಾಗೇ ಹೊರಗೆ ಬರುತ್ತದೆ’ ಎನ್ನುತ್ತಾರೆ ಒಬ್ಬ ಸ್ನೇಹಿತರು. ‘ಎನ್95 ಮಾಸ್ಕ್ 0.3 ಮೈಕ್ರಾನ್‌ಗಿಂತ ಸಣ್ಣದನ್ನು ತಡೆಯುವುದೇ ಇಲ್ಲ’ ಎನ್ನುತ್ತಾರೆ ಇನ್ನೊಬ್ಬರು. ಯಾವುದು ನಿಜ? ನಾನೇನು ಮಾಡಬೇಕು? ಸನ್‌ಸ್ಕ್ರೀನಿನಲ್ಲಿರುವ ನ್ಯಾನೊ ಬಗ್ಗೆಯೂ ತಿಳಿಸಿ.

ಉತ್ತರ: ನಿಮ್ಮ ಸ್ನೇಹಿತರಿಬ್ಬರ ಮಾತೂ ತಪ್ಪು. ಮೀಟರ್ ಸುಳ್ಳು ಹೇಳುತ್ತಿಲ್ಲ, ಆದರೆ ನೀವು ತಿಳಿಯಬೇಕೆಂದಿರುವುದನ್ನು ಅಳೆಯುವ ಉಪಕರಣ ಅದಲ್ಲ. ಇವೆಲ್ಲವನ್ನೂ ಒಂದೊಂದಾಗಿ ವಿವರಿಸುತ್ತೇನೆ. ಅದಕ್ಕೂ ಮೊದಲು ಹೇಳಲೇಬೇಕಾದ ಮಾತು: ನೀವು ಬರೆದಿರುವ ಕೆಲಸಗಳಲ್ಲಿ ನಿಮ್ಮ ಶ್ವಾಸಕೋಶಕ್ಕೆ ಅತಿ ಹೆಚ್ಚು ಅಪಾಯ ತರುವುದು ಪ್ರಿಂಟರ್ ಅಲ್ಲ, ಗ್ರಾನೈಟ್ ಕಟಿಂಗ್. ಒಣ ಕಲ್ಲಿಗೆ ಬ್ಲೇಡ್ ಇಡುತ್ತಿದ್ದರೆ ಅದನ್ನು ಇಂದೇ ನಿಲ್ಲಿಸಿ. ಉಳಿದದ್ದಕ್ಕೆ ಒಂದೆರಡು ವಾರ ತೆಗೆದುಕೊಂಡರೂ ಅಡ್ಡಿಯಿಲ್ಲ.

ಯಾವುದೇ ಕಣದ ಬಗ್ಗೆ ಕೇಳಬೇಕಾದದ್ದು ಮೂರು ವಿಷಯ. ಅದು ಉಸಿರಾಟದ ಹಾದಿಯಲ್ಲಿ ಎಲ್ಲಿ ಕೂರುತ್ತದೆ, ಎಷ್ಟು ಕಾಲ ಕೂರುತ್ತದೆ, ಕೂತಲ್ಲಿ ಏನು ಮಾಡುತ್ತದೆ. ‘ನ್ಯಾನೊ’ ಎಂಬ ಹಣೆಪಟ್ಟಿ ಇವುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಸ್ವಲ್ಪಮಟ್ಟಿಗೆ ಉತ್ತರ ಕೊಡುತ್ತದೆ.

ಗಾತ್ರಗಳ ಅಂದಾಜು ಇರಲಿ. ತಲೆಗೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ. ಪಿಎಂ 10 ಎಂದರೆ 10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳು, ಪಿಎಂ 2.5 ಎಂದರೆ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣವು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಒಂದು ಮೈಕ್ರಾನಿಗೆ 1000 ನ್ಯಾನೊಮೀಟರ್. 100 ನ್ಯಾನೊಮೀಟರಿಗಿಂತ ಸಣ್ಣದನ್ನು ನ್ಯಾನೊ ಕಣ ಎನ್ನುತ್ತಾರೆ. ತಯಾರಿಸಿದ್ದಲ್ಲದೆ ಹೊಗೆಯಿಂದಲೋ ಬಿಸಿಯಿಂದಲೋ ತಾನಾಗಿ ಹುಟ್ಟಿದ್ದಾದರೆ ಅತಿಸೂಕ್ಷ್ಮ ಕಣ ಎಂಬ ಹೆಸರೂ ಇದೆ. ಶ್ವಾಸಕೋಶಕ್ಕೆ ಈ ಹೆಸರುಗಳ ಗೊಡವೆಯಿಲ್ಲ, ಎರಡೂ ಒಂದೇ ರೀತಿ ಒಳಗಿಳಿಯುತ್ತವೆ.

10 ಮೈಕ್ರಾನ್ ಮೀರಿದ ದಪ್ಪ ಕಣ ಭಾರದ್ದು. ಗಾಳಿ ಮೂಗಿನಲ್ಲೋ ಗಂಟಲಿನಲ್ಲೋ ತಿರುಗಿದಾಗ ಅದು ತಿರುಗಲಾರದೆ ನೇರ ಹೋಗಿ ಗೋಡೆಗೆ ಬಡಿದು ಅಂಟುತ್ತದೆ. ಮೂಗು ಸೀನಿದಾಗ ಕಪ್ಪಗೆ ಬರುವುದು ಇದೇ. 2ರಿಂದ 10 ಮೈಕ್ರಾನಿನವು ಶ್ವಾಸನಾಳಗಳ ಕವಲುಗಳಲ್ಲಿ ಬಡಿಯುತ್ತವೆ, ಇಲ್ಲವೇ ಗಾಳಿಯ ವೇಗ ತಗ್ಗಿದ ಕಡೆ ಕೆಳಗೆ ಇಳಿದು ಕೂರುತ್ತವೆ. ಸುಮಾರು 4 ಮೈಕ್ರಾನಿಗಿಂತ ಸಣ್ಣವು ಕೊನೆಯ ಗಾಳಿಚೀಲಗಳವರೆಗೂ ತಲುಪಬಲ್ಲವು. ಕೈಗಾರಿಕಾ ಆರೋಗ್ಯದ ಮಿತಿಗಳಲ್ಲಿ ‘ಉಸಿರ ಆಳಕ್ಕಿಳಿಯುವ ಧೂಳು’ ಎಂದು ಲೆಕ್ಕ ಹಾಕುವುದು ಇವನ್ನೇ.

ಇನ್ನೂ ಸಣ್ಣದಾದರೆ? 0.3ರಿಂದ 0.5 ಮೈಕ್ರಾನಿನ ಕಣ ಬಡಿಯುವಷ್ಟು ಭಾರವೂ ಅಲ್ಲ, ಅಲೆದಾಡುವಷ್ಟು ಹಗುರವೂ ಅಲ್ಲ. ಅವುಗಳಲ್ಲಿ ಬಹುಪಾಲು ನಿಜವಾಗಿಯೂ ಉಸಿರಿನ ಜೊತೆ ಹೊರಗೆ ಬಂದುಬಿಡುತ್ತವೆ. ನಿಮ್ಮ ಸ್ನೇಹಿತರು ಹೇಳಿದ್ದು ಇಷ್ಟಕ್ಕೆ ಮಾತ್ರ ಸರಿ. ಅದಕ್ಕಿಂತ ಸಣ್ಣದಾಗುತ್ತ ಹೋದಂತೆ ಲೆಕ್ಕ ತಲೆಕೆಳಗಾಗುತ್ತದೆ. ಗಾಳಿಯ ಅಣುಗಳ ಬಡಿತಕ್ಕೆ ಸಿಕ್ಕಿ ನ್ಯಾನೊ ಕಣ ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಓಡುತ್ತದೆ, ಓಡುತ್ತ ಪಕ್ಕದ ಗೋಡೆಗೆ ತಾಗಿ ಅಲ್ಲೇ ಉಳಿಯುತ್ತದೆ. 20 ನ್ಯಾನೊಮೀಟರಿನ ಕಣಗಳಲ್ಲಿ ಸುಮಾರು ಅರ್ಧದಷ್ಟು ಗಾಳಿಚೀಲಗಳಲ್ಲೇ ಕೂರುತ್ತವೆ, ಇನ್ನಷ್ಟು ಮೇಲಿನ ಹಾದಿಯಲ್ಲಿ ನಿಲ್ಲುತ್ತವೆ. ಒಂದು ನ್ಯಾನೊಮೀಟರಿನಷ್ಟು ಚಿಕ್ಕದಾದರೆ ಮತ್ತೆ ಮೂಗು ಗಂಟಲಿನಲ್ಲೇ ಹೆಚ್ಚಿನದೆಲ್ಲ ಸಿಕ್ಕಿಹಾಕಿಕೊಳ್ಳುತ್ತದೆ. ಹೀಗೆ ಅತಿ ಆಳಕ್ಕೆ ಇಳಿದು ಅಲ್ಲೇ ಉಳಿಯುವುದು ಹತ್ತಾರು ನ್ಯಾನೊಮೀಟರಿನ ಕಣ. ಬಿಸಿ ಪ್ಲಾಸ್ಟಿಕ್, ವೆಲ್ಡಿಂಗ್ ಹೊಗೆ, ಡೀಸೆಲ್ ಹೊಗೆ ಎಲ್ಲವೂ ಉಗುಳುವುದು ಹೆಚ್ಚುಕಮ್ಮಿ ಇದೇ ಗಾತ್ರವನ್ನು.

ಶ್ರಮದ ಕೆಲಸ ಮಾಡುವಾಗ ಬಾಯಿಂದ ಉಸಿರಾಡುತ್ತೀರಿ, ಆಗ ಮೂಗೆಂಬ ಮೊದಲ ಜರಡಿ ತಪ್ಪಿಹೋಗುತ್ತದೆ. ಸುಮ್ಮನೆ ಕೂತಾಗ ನಿಮಿಷಕ್ಕೆ 6ರಿಂದ 10 ಲೀಟರ್ ಗಾಳಿ ಸಾಕು. ಭಾರ ಎತ್ತುವಾಗ, ತಳ್ಳುವಾಗ ಅದು 40 ಲೀಟರ್ ದಾಟುತ್ತದೆ. ಧೂಳಿನ ಮಧ್ಯೆ ಮೈಮುರಿದು ದುಡಿಯುವವರಿಗೂ ಅದೇ ಕೋಣೆಯಲ್ಲಿ ಕೂತು ನೋಡುವವರಿಗೂ ಒಳಹೋಗುವ ಪ್ರಮಾಣ ಒಂದೇ ಅಲ್ಲ.

ಇನ್ನು ಎಷ್ಟು ಕಾಲ ಕೂರುತ್ತದೆ ಎಂಬುದು. ಶ್ವಾಸನಾಳಗಳ ಒಳಗೋಡೆಯ ಸೂಕ್ಷ್ಮ ರೋಮಗಳು ಕಫದ ತೆಳುಪದರವನ್ನು ಸದಾ ಮೇಲಕ್ಕೆ ತಳ್ಳುತ್ತಿರುತ್ತವೆ. ಅಲ್ಲಿ ಕೂತ ಕಣದ ಬಹುಪಾಲು ಒಂದೆರಡು ದಿನದೊಳಗೆ ಗಂಟಲಿಗೆ ಬಂದು ಹೊಟ್ಟೆಗೋ ಹೊರಗೋ ಹೋಗುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಈ ರೋಮಗಳು ಸೊರಗಿರುತ್ತವೆ. ಗಾಳಿಚೀಲಗಳಲ್ಲಿ ರೋಮವೂ ಇಲ್ಲ, ಕಫದ ಓಟವೂ ಇಲ್ಲ. ಅಲ್ಲಿರುವುದು ಮ್ಯಾಕ್ರೋಫೇಜ್ ಎಂಬ ಕಾವಲು ಕೋಶ. ಕಣವನ್ನು ಹುಡುಕಿ ನುಂಗುವುದು, ಕರಗಿಸಲು ನೋಡುವುದು, ಆಗದಿದ್ದರೆ ಹೊತ್ತು ಸಾಗಿಸುವುದು ಅದರ ಕೆಲಸ. ಕರಗದ ಕಣಗಳಲ್ಲಿ ಅರ್ಧದಷ್ಟನ್ನು ಹೊರಹಾಕಲು ಇಲಿಯ ಶ್ವಾಸಕೋಶಕ್ಕೆ ಎರಡು ಎರಡೂವರೆ ತಿಂಗಳು ಸಾಕು. ಮನುಷ್ಯರಲ್ಲಿ ಅದಕ್ಕೆ ನೂರಾರು ದಿನ ಹಿಡಿಯುತ್ತದೆ. ಇಂದು ಒಳಹೋದದ್ದು ಹೊರಹೋಗುವ ಮೊದಲೇ ಮುಂದಿನ ವಾರದ್ದು ಸೇರುತ್ತದೆ. ‘ತಿಂಗಳಿಗೆ ನಾಲ್ಕೇ ದಿನ ಕಟಿಂಗ್ ಮಾಡುತ್ತೇನೆ’ ಎಂಬ ಸಮಾಧಾನ ಇದಕ್ಕೇ ನಡೆಯುವುದಿಲ್ಲ.

ಗ್ರಾನೈಟಿನ ವಿಷಯಕ್ಕೆ ಬರೋಣ. ಅದರಲ್ಲಿ ಹರಳುರೂಪದ ಸಿಲಿಕಾ ಸಾಮಾನ್ಯವಾಗಿ 20ರಿಂದ 45 ಪ್ರತಿಶತ ಇರುತ್ತದೆ. ಮರಳುಗಲ್ಲಿನಲ್ಲಿ 70ಕ್ಕೂ ಮೇಲೆ. ಕಾಂಕ್ರೀಟಿನಲ್ಲಿ 25ರಿಂದ 70. ಸೆರಾಮಿಕ್ ಟೈಲ್ಸ್‌ನಲ್ಲೂ ಗಣನೀಯವಾಗಿದೆ. ಅಮೃತಶಿಲೆ ಮತ್ತು ಸುಣ್ಣದಕಲ್ಲಿನಲ್ಲಿ ತೀರಾ ಕಡಿಮೆ. ಅಂಟಿನಲ್ಲಿ ಕಲ್ಲುಪುಡಿ ಕಲಸಿ ಮಾಡಿದ ಕ್ವಾರ್ಟ್ಜ್ ಸ್ಲ್ಯಾಬುಗಳಲ್ಲಿ ಹಲವು 90 ಪ್ರತಿಶತ ಮೀರುತ್ತವೆ. ಅವನ್ನು ಕತ್ತರಿಸುವ ಯುವ ಕಾರ್ಮಿಕರಲ್ಲಿ ಕೆಲವೇ ವರ್ಷಗಳಲ್ಲಿ ಸಿಲಿಕೋಸಿಸ್ (ಸಿಲಿಕಾ ಧೂಳಿನಿಂದ ಶ್ವಾಸಕೋಶ ಗಡುಸಾಗುವ ರೋಗ) ಕಾಣಿಸಿಕೊಂಡದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ವಸ್ತುವನ್ನೇ ನಿಷೇಧಿಸಿತು. ನಿಮ್ಮ ಕೈಗೆ ಕ್ವಾರ್ಟ್ಜ್ ಸ್ಲ್ಯಾಬಿನ ಕೆಲಸ ಬಂದರೆ ಒಪ್ಪಿಕೊಳ್ಳಬೇಡಿ. ಶೆಡ್ಡಿನಲ್ಲಿ ಮಾಡುವ ಕೆಲಸ ಅದಲ್ಲ.

ಸಿಲಿಕಾ ಯಾಕಿಷ್ಟು ಕೆಟ್ಟದ್ದು? ಗಾಳಿಚೀಲದೊಳಗೆ ನಡೆಯುವುದನ್ನು ಹತ್ತಿರದಿಂದ ನೋಡಿ. ಎರಡು ಮೈಕ್ರಾನಿನ ಒಂದು ಹರಳು ಬಂದು ಕೂತಿದೆ. ಅದಕ್ಕಿಂತ ಐದಾರು ಪಟ್ಟು ದೊಡ್ಡದಾದ ಮ್ಯಾಕ್ರೋಫೇಜ್ ಅದನ್ನು ಸುತ್ತುವರಿದು ನುಂಗಿ, ಜೀರ್ಣರಸ ತುಂಬಿದ ಚೀಲದೊಳಗೆ ಹಾಕಿಕೊಳ್ಳುತ್ತದೆ. ಹರಳು ಕರಗುವುದಿಲ್ಲ. ಆಗತಾನೆ ಒಡೆದ ಹರಳಿನ ಮೈ ರಾಸಾಯನಿಕವಾಗಿ ಬಲು ಚುರುಕು. ಅದು ಚೀಲದ ಪೊರೆಯನ್ನೇ ಹರಿದುಬಿಡುತ್ತದೆ. ಒಳಗಿನ ರಸ ಕೋಶದೊಳಗೆ ಸೋರಿ ಅಪಾಯದ ಸಂಕೇತ ಹೊರಡುತ್ತದೆ, ಉರಿಯೂತದ ರಾಸಾಯನಿಕಗಳು ಬಿಡುಗಡೆಯಾಗುತ್ತವೆ, ಕೋಶ ಸಾಯುತ್ತದೆ. ಹರಳು ಮಾತ್ರ ಇದ್ದ ಹಾಗೇ ಹೊರಬೀಳುತ್ತದೆ. ಅದನ್ನು ನುಂಗಲು ಇನ್ನೊಂದು ಕೋಶ ಬರುತ್ತದೆ, ಅದಕ್ಕೂ ಅದೇ ಗತಿ. ಈ ಉರಿಯೂತ ನಿಲ್ಲದೆ ನಡೆದಾಗ ಸುತ್ತಲಿನ ಅಂಗಾಂಶ ಗಾಯ ಮುಚ್ಚಲು ನಾರು ಹೆಣೆಯುತ್ತದೆ. ಸಣ್ಣ ಗಂಟುಗಳಾಗಿ ಆರಂಭವಾದ ನಾರು ಕ್ರಮೇಣ ಒಂದಕ್ಕೊಂದು ಕೂಡಿ ಶ್ವಾಸಕೋಶವನ್ನು ಗಡುಸಾಗಿಸುತ್ತದೆ. ಕಟಿಂಗ್ ಬಿಟ್ಟ ಮೇಲೂ ಇದು ಮುಂದುವರಿಯಬಹುದು. ಒಳಗಿರುವ ಸಿಲಿಕಾವನ್ನು ಹೊರತೆಗೆದು ಈ ನಾರನ್ನು ಹಿಂದಕ್ಕೆ ತಿರುಗಿಸುವ ಔಷಧವಿಲ್ಲ. ಸಿಲಿಕಾ ತುಂಬಿದ ಶ್ವಾಸಕೋಶಕ್ಕೆ ಕ್ಷಯರೋಗ ಸುಲಭವಾಗಿ ಅಂಟುತ್ತದೆ, ಶ್ವಾಸಕೋಶದ ಕ್ಯಾನ್ಸರಿನ ಅಪಾಯವೂ ಏರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಇದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಪ್ರಮಾಣವನ್ನೂ ನೋಡಿ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಇಲಾಖೆ 2016ರಲ್ಲಿ ಗೊತ್ತುಮಾಡಿದ ಮಿತಿ, 8 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 50 ಮೈಕ್ರೊಗ್ರಾಂ. ಒಂದು ಪಾಳಿಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಸೇವಿಸುತ್ತೇವೆ. ಅಂದರೆ ಇಡೀ ದಿನಕ್ಕೆ ಅರ್ಧ ಮಿಲಿಗ್ರಾಂ. ಬೆರಳ ತುದಿಗೆ ಹತ್ತಿದರೂ ಗಮನಕ್ಕೆ ಬಾರದಷ್ಟು. ಮುಚ್ಚಿದ ಶೆಡ್ಡಿನಲ್ಲಿ ಗ್ರೈಂಡರ್ ಹಿಡಿದು ಒಣ ಗ್ರಾನೈಟ್ ಕತ್ತರಿಸಿದರೆ ದಿನದ ಈ ಪಾಲು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ.

ಹಾಗಾಗಿ ನೀರು ಹಾಕಿಯೇ ಕತ್ತರಿಸಿ. ಬ್ಲೇಡು ಕಲ್ಲಿಗೆ ತಾಗುವ ಜಾಗಕ್ಕೇ ನೀರು ಬೀಳಬೇಕು. ಕೈಕಟರಿಗಾದರೆ ನಿಮಿಷಕ್ಕೆ ಕನಿಷ್ಠ ಅರ್ಧ ಲೀಟರ್ ಹರಿಯಬೇಕು. ಬಾಟಲಿಯಿಂದ ಆಗಾಗ ಚಿಮುಕಿಸಿದರೆ ಸಾಲದು, ನೀರು ನಿಂತ ಎರಡು ಸೆಕೆಂಡಿನಲ್ಲೇ ಧೂಳು ಏಳುತ್ತದೆ. ನೀರಿನ ಕೊಳವೆ ಜೋಡಿಸಲೆಂದೇ ತಯಾರಾದ ಕಟರ್ ಬಳಸಿ, ಅದರ ವಿದ್ಯುತ್ ಸಾಲಿಗೆ ಸೋರಿಕೆ ಕಂಡೊಡನೆ ಕಡಿತಗೊಳಿಸುವ ಬ್ರೇಕರ್ ಇರಲಿ. ಸಾಮಾನ್ಯ ಗ್ರೈಂಡರಿಗೆ ನೀರು ಸುರಿಯುವುದು ಶಾಕ್‌ಗೆ ದಾರಿ. ಕೆಲಸ ಮುಗಿದಾಗ ಉಳಿಯುವ ಕೆಸರನ್ನು ಒದ್ದೆ ಇರುವಾಗಲೇ ಬಳಿದು ಚೀಲಕ್ಕೆ ಹಾಕಿ. ಮರುದಿನ ಒಣಗಿದ ಮೇಲೆ ಪೊರಕೆ ಹಿಡಿದರೆ ಹಿಂದಿನ ದಿನ ನೀರಿನಿಂದ ಕಟ್ಟಿಹಾಕಿದ್ದ ಧೂಳೆಲ್ಲ ಮತ್ತೆ ಗಾಳಿಗೆ ಬರುತ್ತದೆ. ಕಂಪ್ರೆಸರ್ ಗಾಳಿಯಿಂದ ಬಟ್ಟೆ ಕೊಡವುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಕಟಿಂಗ್ ಮುಗಿದ ಕೂಡಲೇ ಮಾಸ್ಕ್ ತೆಗೆಯುವವರೇ ಹೆಚ್ಚು. ಅದು ತಪ್ಪು. ಅಲುಗಾಡದ ಗಾಳಿಯಲ್ಲಿ 10 ಮೈಕ್ರಾನಿನ ಕಣ ಒಂದೂವರೆ ಮೀಟರ್ ಎತ್ತರದಿಂದ ನೆಲ ಮುಟ್ಟಲು ಎಂಟು ನಿಮಿಷ ಬೇಕು. 4 ಮೈಕ್ರಾನಿನದಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು. ಒಂದು ಮೈಕ್ರಾನಿನದಕ್ಕೆ ಸುಮಾರು ಅರ್ಧ ದಿನ. ಕಣ್ಣಿಗೆ ಗಾಳಿ ತಿಳಿಯಾಗಿ ಕಂಡಾಗ ದಪ್ಪ ಧೂಳು ಇಳಿದಿರುತ್ತದೆ, ಆಳಕ್ಕೆ ಹೋಗುವುದು ಇನ್ನೂ ತೇಲುತ್ತಿರುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು. ಶೆಡ್ಡನ್ನು ಕತ್ತಲು ಮಾಡಿ, ಎದುರಿನಿಂದ ನಿಮ್ಮ ಕಡೆಗೆ ಬೆಳಕು ಬರುವಂತೆ ಪ್ರಖರವಾದ ಟಾರ್ಚೊಂದನ್ನು ಇಡಿ. ಟಾರ್ಚ್ ನೇರ ಕಣ್ಣಿಗೆ ಹೊಡೆಯದಂತೆ ಒಂದು ರಟ್ಟು ಅಡ್ಡಹಿಡಿದು ಬೆಳಕಿನ ಕಂಬವನ್ನು ಸ್ವಲ್ಪ ಓರೆಯಿಂದ ನೋಡಿ. ಸ್ವಚ್ಛ ಎಂದುಕೊಂಡಿದ್ದ ಗಾಳಿಯಲ್ಲಿ ಧೂಳು ಹೊಗೆಯಂತೆ ಸುಳಿದಾಡುವುದು ಕಾಣುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕಿ ಮತ್ತೆ ನೋಡಿ: ಧೂಳು ಫ್ಯಾನಿನತ್ತ ಹೋಗುತ್ತಿದೆಯೋ, ನಿಮ್ಮ ಮುಖದ ಮುಂದೆಯೇ ಸುತ್ತುತ್ತಿದೆಯೋ ತಿಳಿದುಬಿಡುತ್ತದೆ. ನ್ಯಾನೊ ಕಣಗಳು ಮಾತ್ರ ಈ ಬೆಳಕಿಗೂ ಕಾಣವು.

ನಿಮ್ಮ ಮೀಟರಿನ ಸಮಸ್ಯೆಯೂ ಇದೇ. ಅದರೊಳಗಿರುವುದು ಪುಟ್ಟ ಲೇಸರ್. ಕಣ ಚದುರಿಸಿದ ಬೆಳಕನ್ನು ಅದು ಅಳೆಯುತ್ತದೆ. ಸುಮಾರು 0.3 ಮೈಕ್ರಾನಿಗಿಂತ ಕೆಳಗೆ ಚದುರುವ ಬೆಳಕು ಎಷ್ಟು ಬೇಗ ಕುಸಿಯುತ್ತದೆಂದರೆ, ಅಂಥ ಕಣ ಸೆನ್ಸರಿನ ಪಾಲಿಗೆ ಇಲ್ಲವೇ ಇಲ್ಲ. ಅದು ಹಾಗಿರಲಿ, ಸೆನ್ಸರಿಗೆ ಎಲ್ಲ ಕಾಣುತ್ತಿದ್ದರೂ ಅಂಕಿ ಏರುತ್ತಿರಲಿಲ್ಲ. ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ 20 ನ್ಯಾನೊಮೀಟರಿನ ಒಂದು ಲಕ್ಷ ಪ್ಲಾಸ್ಟಿಕ್ ಕಣಗಳಿವೆ ಎಂದುಕೊಳ್ಳಿ. ಒಂದು ಉಸಿರಿಗೆ ಅರ್ಧ ಲೀಟರ್ ಎಂದರೆ 5 ಕೋಟಿ ಕಣ ಒಳಗೆ. ಇಷ್ಟಾದರೂ ಅವುಗಳ ಒಟ್ಟು ತೂಕ ಘನ ಮೀಟರಿಗೆ ಅರ್ಧ ಮೈಕ್ರೊಗ್ರಾಂ ಸಹ ಆಗುವುದಿಲ್ಲ. ಪಿಎಂ 2.5 ಎಂಬುದು ತೂಕದ ಅಳತೆ, ನ್ಯಾನೊ ಕಣದ ಸಮಸ್ಯೆ ಸಂಖ್ಯೆ ಮತ್ತು ಮೇಲ್ಮೈಯದ್ದು. 2 ಮೈಕ್ರಾನಿನ ಕಣವನ್ನು 20 ನ್ಯಾನೊಮೀಟರಿನ ಚೂರುಗಳಾಗಿಸಿದರೆ ಅದೇ ತೂಕಕ್ಕೆ ಸಂಖ್ಯೆ ಹತ್ತು ಲಕ್ಷ ಪಟ್ಟು, ಮೇಲ್ಮೈ ನೂರು ಪಟ್ಟು ಹೆಚ್ಚುತ್ತದೆ. ಕೋಶಗಳೊಡನೆ ವ್ಯವಹರಿಸುವುದು ಕಣದ ಮೇಲ್ಮೈ. ಇವನ್ನು ಎಣಿಸಲು ಬೇರೆಯೇ ಯಂತ್ರ ಬೇಕು. ಅದರಲ್ಲಿ ಕಣಗಳ ಮೇಲೆ ಆಲ್ಕೋಹಾಲ್ ಆವಿ ಹನಿಗಟ್ಟಿ, ಬೆಳಕಿಗೆ ಕಾಣುವಷ್ಟು ದೊಡ್ಡದಾದ ಮೇಲೆ ಒಂದೊಂದಾಗಿ ಎಣಿಕೆಯಾಗುತ್ತದೆ. ನೀವು ಅದನ್ನು ಕೊಳ್ಳುವ ಅಗತ್ಯವಿಲ್ಲ. ನಿಮ್ಮ ಮೀಟರು ಕಲ್ಲು ಮತ್ತು ಮರದ ಧೂಳಿಗೆ ದಿಕ್ಸೂಚಿಯಾಗಿ ಸಾಕು. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಅದು ಸುಮ್ಮನೆ ಹೆಚ್ಚು ತೋರಿಸುತ್ತದೆ ಎಂಬುದು ನೆನಪಿರಲಿ.

ಒಂದೇ ವಸ್ತುವಿಗೆ ಎರಡು ಮಿತಿಗಳು ಬಂದದ್ದು ಈ ಮೇಲ್ಮೈ ಲೆಕ್ಕದಿಂದಲೇ. ಬಿಳಿ ಬಣ್ಣಕ್ಕೆ ಬಳಸುವ ಟೈಟಾನಿಯಂ ಡೈಆಕ್ಸೈಡಿಗೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆ 2011ರಲ್ಲಿ ಶಿಫಾರಸು ಮಾಡಿದ ಮಿತಿ, ಸಾಮಾನ್ಯ ಪುಡಿಗೆ ಘನ ಮೀಟರಿಗೆ 2.4 ಮಿಲಿಗ್ರಾಂ, ನ್ಯಾನೊ ಪುಡಿಗೆ 0.3 ಮಿಲಿಗ್ರಾಂ. ಇಂಗಾಲದ ಅತಿ ತೆಳು ಎಳೆಗಳಾದ ಕಾರ್ಬನ್ ನ್ಯಾನೊಟ್ಯೂಬುಗಳಿಗಂತೂ 2013ರಲ್ಲಿ ಬರೇ 1 ಮೈಕ್ರೊಗ್ರಾಂ ಎಂದಿತು. ಅಲ್ಲಿ ಆಕಾರವೂ ಸೇರಿಕೊಂಡಿದೆ. ಕಲ್ನಾರಿನ (ಆಸ್ಬೆಸ್ಟಾಸ್) ವಿಷಯದಲ್ಲಿ ಕಂಡ ಹಾಗೆ, 15-20 ಮೈಕ್ರಾನಿಗಿಂತ ಉದ್ದದ ಗಡುಸು ಎಳೆಯನ್ನು ಮ್ಯಾಕ್ರೋಫೇಜ್ ಪೂರ್ತಿ ನುಂಗಲಾರದು. ಅರ್ಧ ನುಂಗಿ ಬಾಯಿ ತೆರೆದೇ ಇರುವ ಕೋಶದಿಂದ ವಿಷಕಾರಿ ರಸ ಸೋರುತ್ತಲೇ ಇರುತ್ತದೆ. ಕಲ್ನಾರು ಉಸಿರಾಡಿದವರಲ್ಲಿ ಶ್ವಾಸಕೋಶದ ಹೊದಿಕೆಯ ಕ್ಯಾನ್ಸರ್ ಕಾಣಿಸಿಕೊಳ್ಳುವುದು 20ರಿಂದ 50 ವರ್ಷಗಳ ನಂತರ. ನಿಮ್ಮ ಶೆಡ್ಡಿಗೆ ಹಳೆಯ ಸಿಮೆಂಟ್ ಶೀಟ್ ಹೊದೆಸಿದ್ದರೆ ಅದಕ್ಕೆ ಡ್ರಿಲ್ ಹಾಕಬೇಡಿ, ಉಜ್ಜಬೇಡಿ, ಮುರಿಯಬೇಡಿ. ಅದರಲ್ಲಿ ಕಲ್ನಾರು ಇರಬಹುದು.

ನ್ಯಾನೊ ಕಣ ಶ್ವಾಸಕೋಶ ದಾಟಿ ರಕ್ತಕ್ಕೆ ಹೋಗುತ್ತದೆಯೇ ಎಂಬ ಪ್ರಶ್ನೆಗೆ ಈಗ ನೇರ ಪುರಾವೆಯಿದೆ. ಗಾಳಿಚೀಲಕ್ಕೂ ರಕ್ತನಾಳಕ್ಕೂ ನಡುವಿನ ಗೋಡೆ ತೆಳುವಾದ ಕಡೆ ಒಂದು ಮೈಕ್ರಾನಿಗಿಂತಲೂ ಕಡಿಮೆ. 2017ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತ ಸ್ವಯಂಸೇವಕರು ಚಿನ್ನದ ನ್ಯಾನೊ ಕಣಗಳನ್ನು ಉಸಿರಾಡಿದರು. ಕೆಲವರ ರಕ್ತದಲ್ಲಿ 15 ನಿಮಿಷಕ್ಕೇ ಚಿನ್ನ ಸಿಕ್ಕಿತು, ಮೂರು ತಿಂಗಳ ನಂತರವೂ ರಕ್ತ ಮತ್ತು ಮೂತ್ರದಲ್ಲಿತ್ತು. ಸಣ್ಣ ಕಣಗಳು ಹೆಚ್ಚು ದಾಟಿದವು. ರಕ್ತನಾಳದ ಉರಿಯೂತವಿರುವ ಜಾಗಗಳಲ್ಲಿ ಅವು ಶೇಖರವಾಗುವುದೂ ಕಂಡುಬಂತು. ದಾಟುವ ಪಾಲು ಚಿಕ್ಕದು, ಹೆಚ್ಚಿನದು ಶ್ವಾಸಕೋಶದಲ್ಲೇ ಉಳಿಯುತ್ತದೆ. ಹೃದಯಕ್ಕೆ ಪೆಟ್ಟು ಬೀಳಲು ಅಷ್ಟೇ ದಾರಿಯೂ ಅಲ್ಲ. ಶ್ವಾಸಕೋಶದ ಉರಿಯೂತ ರಕ್ತಕ್ಕೆ ಹರಿಯುತ್ತದೆ, ಉಸಿರುದಾರಿಯ ನರಗಳು ಕೆರಳಿ ಹೃದಯದ ಲಯ ಬದಲಾಗುತ್ತದೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಏರುತ್ತದೆ. 2007ರ ಒಂದು ಪ್ರಯೋಗದಲ್ಲಿ ಹಿಂದೆ ಹೃದಯಾಘಾತವಾಗಿ ಸ್ಥಿರವಾಗಿದ್ದ 20 ಪುರುಷರಿಗೆ ಒಂದು ಗಂಟೆ ತೆಳುಗೊಳಿಸಿದ ಡೀಸೆಲ್ ಹೊಗೆ ಕೊಟ್ಟು ವ್ಯಾಯಾಮ ಮಾಡಿಸಿದಾಗ, ಹೃದಯದ ಸ್ನಾಯುವಿಗೆ ರಕ್ತ ಸಾಲದ ಲಕ್ಷಣ ಇಸಿಜಿಯಲ್ಲಿ ಶುದ್ಧ ಗಾಳಿಗಿಂತ ಸ್ಪಷ್ಟವಾಗಿ ಹೆಚ್ಚಿತು. ಅಮೆರಿಕದ ಆರು ನಗರಗಳ 8,111 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ 1993ರ ಅಧ್ಯಯನದಲ್ಲಿ ಅತಿ ಮಲಿನ ನಗರದವರ ಸಾವಿನ ಪ್ರಮಾಣ ಅತಿ ಸ್ವಚ್ಛ ನಗರಕ್ಕಿಂತ 26 ಪ್ರತಿಶತ ಹೆಚ್ಚಿತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ವಾರ್ಷಿಕ ಮಾರ್ಗಸೂಚಿಯನ್ನು 5 ಮೈಕ್ರೊಗ್ರಾಂಗೆ ಇಳಿಸಿದ್ದು ಇಂಥ ಸಾಕ್ಷ್ಯಗಳ ರಾಶಿಯ ಮೇಲೆ. ಹಾಗಾಗಿ ಹೃದಯದ ತೊಂದರೆ ಇರುವವರು ಶೆಡ್ಡಿನ ಹೊಗೆಯನ್ನು ಬರೀ ಕೆಮ್ಮಿನ ವಿಷಯವೆಂದು ತಳ್ಳಿಹಾಕಬಾರದು.

ವೆಲ್ಡಿಂಗ್ ಹೊಗೆ ಎಂದರೆ ಆವಿಯಾದ ಲೋಹ ತಣಿದು ಹುಟ್ಟಿದ, ಹತ್ತಾರು ನ್ಯಾನೊಮೀಟರಿನ ಕಣಗಳ ಸರಪಳಿ. ಅದೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ನಡೆಸಿದ ಪರಿಶೀಲನೆಯಲ್ಲಿ ಇದೂ ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಎಂದು ತೀರ್ಮಾನವಾಯಿತು. ಜಿಐ ಪೈಪಿನ ಸತುವಿನ ಲೇಪ ಸುಟ್ಟು ಬರುವ ಬಿಳಿ ಹೊಗೆ ಉಸಿರಾಡಿದರೆ ನಾಲ್ಕರಿಂದ ಹತ್ತು ಗಂಟೆ ಕಳೆದು ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಬರುತ್ತದೆ. ಒಂದೆರಡು ದಿನದಲ್ಲಿ ತಾನಾಗಿ ಇಳಿಯುವುದರಿಂದ ಫ್ಲೂ ಎಂದುಕೊಂಡು ಮರೆಯುವವರೇ ಹೆಚ್ಚು. ವೆಲ್ಡಿಂಗ್ ಮಾಡಿದ ರಾತ್ರಿಯೇ ಜ್ವರ ಬರುವುದು ನಿಮಗೆ ಅನುಭವವಾಗಿದ್ದರೆ ಕಾರಣ ಇದು. ಜೋಡಣೆಯ ಎರಡೂ ಬದಿಯಲ್ಲಿ ಒಂದೆರಡು ಇಂಚು ಲೇಪವನ್ನು ಮೊದಲೇ ಉಜ್ಜಿ ತೆಗೆಯಿರಿ, ಉಜ್ಜುವಾಗಲೂ ಮಾಸ್ಕ್ ಇರಲಿ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಕ್ರೋಮಿಯಂ, ನಿಕ್ಕಲ್ ಸೇರಿ ಅಪಾಯ ಇನ್ನೂ ದೊಡ್ಡದು. ಹತ್ತಿರದಲ್ಲಿ ಟೆಫ್ಲಾನ್ ಟೇಪ್ ಸುತ್ತಿದ ಕೊಳವೆ ಇದ್ದರೆ ಅದನ್ನು ಕಾಯಿಸಬೇಡಿ. ಸುಟ್ಟ ಟೆಫ್ಲಾನಿನ ಹೊಸ ಹೊಗೆ ಶ್ವಾಸಕೋಶಕ್ಕೆ ತೀವ್ರ ವಿಷ. ಟೆಫ್ಲಾನ್ ಪುಡಿ ಅಂಟಿದ ಬೆರಳಿನಿಂದ ಸಿಗರೇಟು ಹಚ್ಚಿದವರಿಗೂ ಜ್ವರ ಬಂದದ್ದಿದೆ.

ಹೊಗೆ ಹೊರಕ್ಕೆ ಎಳೆಯುವ ಕೊಳವೆಯ ಬಾಯಿಯನ್ನು ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಬಾಯಿಯಿಂದ ಅದರ ವ್ಯಾಸದಷ್ಟೇ ದೂರ ಹೋದರೆ ಗಾಳಿಯ ಎಳೆತ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. 15 ಸೆಂಟಿಮೀಟರ್ ಕೊಳವೆಯನ್ನು ಅರ್ಧ ಮೀಟರ್ ದೂರದಲ್ಲಿಟ್ಟರೆ ಸದ್ದು ಬರುತ್ತದೆ, ಹೊಗೆ ಹೋಗುವುದಿಲ್ಲ. ಬೆಸುಗೆಯ ಬಿಂದುವಿನಿಂದ 15 ಸೆಂಟಿಮೀಟರ್ ಒಳಗೆ, ಹೊಗೆ ಮುಖಕ್ಕೆ ಬರುವ ಮೊದಲೇ ಎಳೆಯುವ ಕಡೆ ಇಡಿ. ಗೋಡೆಯ ಎಕ್ಸಾಸ್ಟ್ ಫ್ಯಾನ್ ಒಂದೇ ಇದ್ದರೆ ನೀವು ಫ್ಯಾನಿಗೆ ಬೆನ್ನು ಹಾಕಿ ನಿಲ್ಲಬೇಡಿ, ಹೊಗೆಯೆಲ್ಲ ನಿಮ್ಮ ಮುಖ ದಾಟಿಕೊಂಡೇ ಹೋಗುತ್ತದೆ. ಗಾಳಿಯ ಓಟಕ್ಕೆ ಪಕ್ಕವಾಗಿ ನಿಂತು, ಎದುರು ಗೋಡೆಯಲ್ಲಿ ಒಂದು ಕಿಟಕಿ ತೆರೆದಿಡಿ. ಕಂಬದ ಫ್ಯಾನ್ ಧೂಳನ್ನು ಕೋಣೆಯೆಲ್ಲ ಹಂಚುತ್ತದೆ, ಅಷ್ಟೇ.

ಮರದ ಧೂಳನ್ನು ಜನ ಹಗುರವಾಗಿ ಕಾಣುತ್ತಾರೆ. ಅದರಿಂದ ಆಸ್ತಮಾ ಬರುತ್ತದೆ, ಮೂಗಿನೊಳಗಿನ ಕ್ಯಾನ್ಸರೂ ಬರುತ್ತದೆ. ಉಪ್ಪುಕಾಗದ ಹಾಕುವ ಯಂತ್ರಕ್ಕೆ ಧೂಳೆಳೆಯುವ ಕೊಳವೆ ಜೋಡಿಸಿ, ವ್ಯಾಕ್ಯೂಮಿಗೆ ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರಲಿ. ಅದಿಲ್ಲದ ವ್ಯಾಕ್ಯೂಮ್ ದಪ್ಪ ಧೂಳನ್ನು ಹಿಡಿದು ಸಣ್ಣದನ್ನು ಹಿಂದಿನಿಂದ ಊದುತ್ತದೆ. ಅಲ್ಯೂಮಿನಿಯಂ ಪುಡಿಯನ್ನು ಮಾತ್ರ ಸಾಮಾನ್ಯ ವ್ಯಾಕ್ಯೂಮಿನಲ್ಲಿ ಎಳೆಯಬೇಡಿ, ಕಿಡಿ ತಾಗಿದರೆ ಸ್ಫೋಟಿಸಬಹುದು.

ಇನ್ನು ಪ್ರಿಂಟರ್. ಅದಕ್ಕೆ ಹಾಕುವ ಪ್ಲಾಸ್ಟಿಕ್ ತಂತಿಗಳಲ್ಲಿ ಎಬಿಎಸ್ ಎಂಬುದು ಪಿಎಲ್ಎ ಎಂಬುದಕ್ಕಿಂತ ಸಾಮಾನ್ಯವಾಗಿ ಹಲವು ಪಟ್ಟು ಹೆಚ್ಚು ಅತಿಸೂಕ್ಷ್ಮ ಕಣ ಬಿಡುತ್ತದೆ, ಜೊತೆಗೆ ಸ್ಟೈರೀನ್ ಎಂಬ ಹಾನಿಕಾರಕ ಆವಿಯನ್ನೂ ಬಿಡುತ್ತದೆ. ನಳಿಗೆಯ ಉಷ್ಣತೆ ಏರಿದಷ್ಟೂ ಕಣಗಳು ಹೆಚ್ಚು. ಕಾಯಿಸಲು ಶುರುಮಾಡಿದ ಮೊದಲ ನಿಮಿಷಗಳಲ್ಲಿ ಒಂದು ದೊಡ್ಡ ಅಲೆಯೇ ಬರುತ್ತದೆ. ಪಿಎಲ್ಎ ಸಾಕಾಗುವ ಕೆಲಸಕ್ಕೆ ಎಬಿಎಸ್ ಬಳಸಬೇಡಿ. ತಯಾರಕರು ಹೇಳಿದ ಉಷ್ಣತೆಯ ಕೆಳಮಿತಿಯಲ್ಲಿ ಓಡಿಸಿ. ಪ್ರಿಂಟರಿಗೆ ಮುಚ್ಚಿದ ಪೆಟ್ಟಿಗೆ ಮಾಡಿ ಅದರ ಗಾಳಿಯನ್ನು ಕೊಳವೆಯಿಂದ ಹೊರಕ್ಕೆ ಬಿಡಿ. ಹೊರಕ್ಕೆ ಬಿಡಲಾಗದಿದ್ದರೆ ಹೆಪಾ ಮತ್ತು ಇದ್ದಿಲಿನ ಫಿಲ್ಟರ್ ಎರಡೂ ಬೇಕು. ಹೆಪಾ ಕಣ ಹಿಡಿಯುತ್ತದೆ, ಆವಿಯನ್ನು ಹಿಡಿಯದು. ಪ್ರಿಂಟ್ ಮುಗಿದ ಕೂಡಲೇ ಮುಚ್ಚಳ ತೆರೆಯದೆ ಅರ್ಧ ಗಂಟೆ ಫ್ಯಾನ್ ಓಡಲಿ. ಓಡುವ ಪ್ರಿಂಟರಿನ ಪಕ್ಕ ಕೂತು ಕಾಯುವುದು, ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಓಡಿಸುವುದು ಬೇಡ. ಇಷ್ಟು ಮಾಡಿದರೆ ಪ್ರಿಂಟರ್ ಬಗ್ಗೆ ನಿದ್ದೆಗೆಡಬೇಕಿಲ್ಲ.

ಈಗ ಮಾಸ್ಕ್. 0.3 ಮೈಕ್ರಾನ್ ಎಂಬುದು ಫಿಲ್ಟರಿನ ಜಾಲದ ತೂತಿನ ಅಳತೆ ಎಂದು ತಿಳಿದದ್ದರಿಂದ ಬಂದ ಗೊಂದಲ ಅದು. ಫಿಲ್ಟರ್ ಜರಡಿಯಲ್ಲ, ಎಳೆಗಳ ದಟ್ಟ ಪೊದೆ. ದಪ್ಪ ಕಣ ಎಳೆಗೆ ಬಡಿದು ಸಿಕ್ಕುತ್ತದೆ, ನ್ಯಾನೊ ಕಣ ಅಲೆದಾಡುತ್ತ ತಾಗಿ ಸಿಕ್ಕುತ್ತದೆ, ಎಳೆಗಳ ವಿದ್ಯುದಂಶ ಎರಡನ್ನೂ ಸೆಳೆಯುತ್ತದೆ. ನಡುವಿನ ಗಾತ್ರವೇ ಹಿಡಿಯಲು ಕಷ್ಟ, ಶ್ವಾಸಕೋಶದಲ್ಲಿ ಹೇಗೋ ಹಾಗೆಯೇ. ವಿದ್ಯುದಂಶವಿರುವ ಎನ್95 ಫಿಲ್ಟರಿಗೆ ಆ ಕಷ್ಟದ ಗಾತ್ರ 0.1 ಮೈಕ್ರಾನಿಗಿಂತಲೂ ಕೆಳಗಿದೆ. ಎನ್95 ಪರೀಕ್ಷೆಯಲ್ಲಿ ಬಳಸುವ ಉಪ್ಪಿನ ಕಣಗಳ ನಡುಗಾತ್ರವೂ (ಅರ್ಧದಷ್ಟು ಕಣಗಳು ಇದಕ್ಕಿಂತ ಸಣ್ಣವು) ಸುಮಾರು 0.075 ಮೈಕ್ರಾನ್, ಗಾಳಿಯ ವೇಗ ನಿಮಿಷಕ್ಕೆ 85 ಲೀಟರ್. ಅಂಥ ಕಷ್ಟದಲ್ಲೂ 95 ಪ್ರತಿಶತ ತಡೆದರೇ ಆ ಹೆಸರು. 10-20 ನ್ಯಾನೊಮೀಟರಿನವು ಅದಕ್ಕಿಂತ ಚೆನ್ನಾಗಿ ಸಿಕ್ಕಿಬೀಳುತ್ತವೆ.

ಮಾಸ್ಕ್ ಸೋಲುವುದು ಫಿಲ್ಟರಿನಲ್ಲಲ್ಲ, ಅಂಚಿನಲ್ಲಿ. ಮೂಗಿನ ಪಕ್ಕದ ಸಣ್ಣ ಸಂದೊಂದೇ ಸಾಕು, ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಕಿವಿಗೆ ಸಿಕ್ಕಿಸುವ ದಾರಕ್ಕಿಂತ ತಲೆಯ ಹಿಂದೆ ಎಳೆಯುವ ಎರಡು ಪಟ್ಟಿಗಳಿರುವುದು ಬಿಗಿಯಾಗಿ ಕೂರುತ್ತದೆ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕತ್ತಿಗೆ. ಮೂಗಿನ ಲೋಹದ ಪಟ್ಟಿಯನ್ನು ಎರಡೂ ಕೈಯ ಬೆರಳುಗಳಿಂದ ಒತ್ತಿ ಕೂರಿಸಿ. ಎರಡು ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರೆಳೆದರೆ ಅದು ಒಳಕ್ಕೆ ಕುಗ್ಗಬೇಕು, ಬಿಟ್ಟರೆ ಅಂಚಿನಲ್ಲಿ ಗಾಳಿ ತಾಗಬಾರದು. ಗಡ್ಡ, ಎರಡು ದಿನದ ಕೂದಲಿನ ಕುಡಿ ಕೂಡ, ಈ ಬಿಗಿಯನ್ನು ಕೆಡಿಸುತ್ತದೆ. ಎನ್95 ಒಗೆಯಬೇಡಿ, ಸ್ಪಿರಿಟ್ ಸಿಂಪಡಿಸಬೇಡಿ. ಎಳೆಗಳ ವಿದ್ಯುದಂಶ ಹೋದರೆ ನೋಡಲು ಹಾಗೇ ಇರುತ್ತದೆ, ಹಿಡಿಯುವ ಶಕ್ತಿ ಇರುವುದಿಲ್ಲ. ಬಟ್ಟೆಯ ಮಾಸ್ಕ್ ಕಲ್ಲಿನ ಧೂಳಿಗೆ ಲೆಕ್ಕಕ್ಕಿಲ್ಲ. ಕಲ್ಲು ಮತ್ತು ವೆಲ್ಡಿಂಗಿಗೆ ನನ್ನ ಸಲಹೆ, ಎನ್95ಗಿಂತಲೂ ಹೆಚ್ಚು ಕಣ ತಡೆಯುವ ಪಿ100 ಫಿಲ್ಟರ್ ಹಾಕುವ ರಬ್ಬರಿನ ಅರ್ಧಮುಖ ಮಾಸ್ಕ್. ಬಿಗಿ ಚೆನ್ನಾಗಿರುತ್ತದೆ, ಬೇಕಾದರೆ ಆವಿಗೆ ಬೇರೆ ಡಬ್ಬಿ ಜೋಡಿಸಬಹುದು. ಆದರೆ ನೀರು ಮತ್ತು ಎಳೆತದ ವ್ಯವಸ್ಥೆ ಮೊದಲು, ಮಾಸ್ಕ್ ಅವೆರಡರ ಮೇಲೆ.

ಏರ್ ಪ್ಯೂರಿಫೈಯರ್ ಕೊಳ್ಳುವುದಾದರೆ ಕೋಣೆಯ ಘನ ಅಳತೆಯನ್ನು ಐದರಿಂದ ಗುಣಿಸಿ. 4 ಮೀಟರ್ ಉದ್ದ, 3 ಮೀಟರ್ ಅಗಲ, 2.7 ಮೀಟರ್ ಎತ್ತರದ ಕೋಣೆಗೆ ಗಂಟೆಗೆ ಸುಮಾರು 160 ಘನ ಮೀಟರ್ ಶುದ್ಧ ಗಾಳಿ ಕೊಡುವುದು ಬೇಕು. ಓಝೋನ್ ಬಿಡುವ ಯಂತ್ರ ಬೇಡ. ಗ್ರೈಂಡರ್ ಪಕ್ಕದಲ್ಲಿ ಪ್ಯೂರಿಫೈಯರ್ ಇಟ್ಟು ಒಣ ಕಟಿಂಗ್ ಮಾಡುವುದಂತೂ ಬೇಡವೇ ಬೇಡ, ಧೂಳು ಅದಕ್ಕೆ ತಲುಪುವ ಮೊದಲು ನಿಮ್ಮ ಮೂಗಿಗೆ ತಲುಪುತ್ತದೆ.

ಸನ್‌ಸ್ಕ್ರೀನಿನ ನ್ಯಾನೊ ಟೈಟಾನಿಯಂ ಅಥವಾ ಸತು ಕ್ರೀಮಿನ ರೂಪದಲ್ಲಿದ್ದರೆ ಉಸಿರಿಗೆ ಹೋಗುವುದಿಲ್ಲ, ನಿಶ್ಚಿಂತೆಯಿಂದ ಹಚ್ಚಿಕೊಳ್ಳಿ. ಸ್ಪ್ರೇ ಮತ್ತು ಪುಡಿ ಬೇರೆ ವಿಷಯ. ಶ್ವಾಸಕೋಶಕ್ಕೆ ಹೋಗಬಹುದಾದ ರೂಪದಲ್ಲಿ ನ್ಯಾನೊ ಟೈಟಾನಿಯಂ ಬಳಸುವುದಕ್ಕೆ ಯುರೋಪಿನ ಸೌಂದರ್ಯವರ್ಧಕ ನಿಯಮದಲ್ಲಿ ಅವಕಾಶವಿಲ್ಲ. ಸ್ಪ್ರೇ ಇದ್ದರೆ ಅಂಗೈಗೆ ಹೊಡೆದುಕೊಂಡು ಹಚ್ಚಿ, ಮುಖಕ್ಕೆ ನೇರ ಹೊಡೆಯಬೇಡಿ.

ವೈದ್ಯರನ್ನು ಈಗಲೇ ಒಮ್ಮೆ ಕಾಣುವುದು ಒಳ್ಳೆಯದು, ಕೆಮ್ಮು ಇರಲಿ ಬಿಡಲಿ. ಒಣ ಕಟಿಂಗ್ ಎಷ್ಟು ವರ್ಷದಿಂದ, ವಾರಕ್ಕೆ ಎಷ್ಟು ಗಂಟೆ, ಯಾವ ಕಲ್ಲು, ಯಾವ ಲೋಹ, ಧೂಮಪಾನ ಇದೆಯೇ ಎಂಬುದನ್ನು ಬರೆದುಕೊಂಡು ಹೋಗಿ. ಕೇಳದಿದ್ದರೂ ಹೇಳಿ. ಊದುವ ಪರೀಕ್ಷೆಯಾದ ಸ್ಪೈರೊಮೆಟ್ರಿ ಮತ್ತು ಎದೆಯ ಎಕ್ಸ್‌ರೇ ಮಾಡಿಸಿ ಆ ದಾಖಲೆ ಇಟ್ಟುಕೊಳ್ಳಿ. ಮುಂದೆ ಹೋಲಿಸಲು ಇದೇ ಆಧಾರ. ಸಿಲಿಕೋಸಿಸ್‌ನ ಆರಂಭ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಕೆಲಸದ ಇತಿಹಾಸ ದೊಡ್ಡದಿದ್ದು ಏದುಸಿರು ಶುರುವಾಗಿದ್ದರೆ ಸಿಟಿ ಸ್ಕ್ಯಾನ್ ಮತ್ತು ಶ್ವಾಸಕೋಶ ಎಷ್ಟು ಅನಿಲ ದಾಟಿಸುತ್ತದೆ ಎಂದು ನೋಡುವ ಪರೀಕ್ಷೆಯ ಬಗ್ಗೆ ಕೇಳಿ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇದ್ದರೆ ಕ್ಷಯದ ಪರೀಕ್ಷೆ ಮುಂದೂಡಬೇಡಿ. ವೆಲ್ಡಿಂಗ್ ಮಾಡುವವರಿಗೆ ನ್ಯುಮೋಕಾಕಸ್ ನ್ಯುಮೋನಿಯಾ ಹೆಚ್ಚು, ಅದರ ಲಸಿಕೆ ಬಗ್ಗೆಯೂ ವಿಚಾರಿಸಿ. ಶ್ವಾಸಕೋಶದಿಂದ ಕಣಗಳನ್ನು ‘ತೊಳೆದು ತೆಗೆಯುತ್ತೇವೆ’ ಎನ್ನುವ ಪುಡಿ, ಕಷಾಯ, ಆವಿಗಳಿಗೆ ಹಣ ಹಾಕಬೇಡಿ. ಗಾಳಿಚೀಲದಲ್ಲಿ ಕೂತ ಸಿಲಿಕಾವನ್ನು ಅವು ಯಾವುವೂ ಮುಟ್ಟಲಾರವು. ಅದೇ ಹಣದಲ್ಲಿ ಕಟರಿಗೆ ನೀರಿನ ಕೊಳವೆ ಹಾಕಿಸಿ.